ಸುಜೂದ್‌ಗೆ ಮುನ್ನ ನಿಲ್ಲಬೇಕಿತ್ತು

ಕುಸ್ತಿಯಲ್ಲಿ ಎದುರಾಳಿಯನ್ನು ಕೆಡಹುವವನನ್ನೇ ಅರಬರು ಬಲಶಾಲಿಯೆಂದು ಕರೆಯುತ್ತಿದ್ದರು. ಪ್ರವಾದಿವರ್ಯರು(ಸ) ಆ ಬಿರುದನ್ನು ಅವನಿಂದ ತೆಗೆದು, ಕೋಪ ಉಕ್ಕಿ ಬಂದಾಗ ತನ್ನನ್ನು ತಾನು ತಡೆದುಕೊಳ್ಳಬಲ್ಲ ಮನುಷ್ಯನಿಗೆ ಕೊಟ್ಟರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿರುವ ಈ ಹದೀಸನ್ನು ನಾವು ಕೋಪದ ವಿಷಯ ಬಂದಾಗ ಮಾತ್ರ ನೆನಪಿಸಿಕೊಳ್ಳುತ್ತೇವೆ. ಆದರೆ ಅದರ ವ್ಯಾಪ್ತಿ ಇನ್ನೂ ದೊಡ್ಡದು. ಇತರರನ್ನು ತಡೆಯುವ ಶಕ್ತಿ ಒಂದು, ತನ್ನನ್ನೇ ತಡೆದು ನಿಲ್ಲಿಸುವ ಶಕ್ತಿ ಇನ್ನೊಂದು. ಮೊದಲನೆಯದಕ್ಕೆ ಜಗತ್ತು ಸಂಬಳ ಕೊಡುತ್ತದೆ, ಚಪ್ಪಾಳೆ ತಟ್ಟುತ್ತದೆ. ಎರಡನೆಯದಕ್ಕೆ ಕೆಲವೊಮ್ಮೆ ಸಂಬಳವನ್ನೇ ಬಿಟ್ಟುಕೊಡಬೇಕಾಗುತ್ತದೆ.

ಇತರರನ್ನು ತಡೆದು ನೆಲಕ್ಕೆ ಕೆಡಹುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ಒಬ್ಬ ಮುಸ್ಲಿಮ್ ಸಹೋದರನ ಬದುಕನ್ನು ಇಲ್ಲಿ ಸ್ವಲ್ಪ ಅವಲೋಕಿಸೋಣ. ಅವರ ಹೆಸರು ಹುಸೈನ್ ಅಬ್ದುಲ್ಲಾಹ್. 1985ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜನಿಸಿ, ಸಮೀಪದ ಪೊಮೋನ ಎಂಬ ಪಟ್ಟಣದಲ್ಲಿ ಬೆಳೆದವರು. ಅವರೂ ಅವರ ಅಣ್ಣ ಹಂಝಾ ಅಬ್ದುಲ್ಲಾಹ್‌ರೂ ಅಮೆರಿಕನ್ ಫುಟ್ಬಾಲ್ ಎಂಬ ಆಟದ ವೃತ್ತಿಪರ ಆಟಗಾರರಾಗಿದ್ದರು.

ಈ ಆಟ ನಮಗೆ ಪರಿಚಿತವಾದ ಕಾಲ್ಚೆಂಡಲ್ಲ. ಇಲ್ಲಿ ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಾಕಾರದ್ದು. ಅದನ್ನು ಬಹುಪಾಲು ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಮೈದಾನದ ಎರಡೂ ತುದಿಗಳಲ್ಲಿ ಒಂದೊಂದು ಪಟ್ಟಿಯಂತಹ ಜಾಗವಿರುತ್ತದೆ. ಚೆಂಡಿನೊಂದಿಗೆ ಎದುರಾಳಿಯ ಪಟ್ಟಿಯನ್ನು ತಲಪಿದರೆ ಅಂಕ. ಪ್ರತಿ ತಂಡದಲ್ಲೂ ದಾಳಿ ಮಾಡುವ ಹನ್ನೊಂದು ಮಂದಿ ಬೇರೆ, ರಕ್ಷಣೆಗಿಳಿಯುವ ಹನ್ನೊಂದು ಮಂದಿ ಬೇರೆ. ಹುಸೈನ್ ಮತ್ತು ಹಂಝಾ ಇಬ್ಬರೂ ರಕ್ಷಣಾ ಪಡೆಯವರು, ಅದರಲ್ಲೂ ಎಲ್ಲರಿಗಿಂತ ಹಿಂದೆ ನಿಲ್ಲುವ 'ಸೇಫ್ಟಿ' ಎಂಬ ಸ್ಥಾನದವರು. ಮುಂದಿನವರೆಲ್ಲರನ್ನೂ ದಾಟಿ ಬಂದವನನ್ನು ಕಟ್ಟಕಡೆಗೆ ತಡೆಯಬೇಕಾದವನೇ ಸೇಫ್ಟಿ. ಅವನು ತಪ್ಪಿದರೆ ಅವನ ಹಿಂದೆ ಇನ್ನಾರೂ ಇಲ್ಲ. ವೇಗವಾಗಿ ಓಡಿ ಬರುವ ದೃಢಕಾಯನಿಗೆ ತನ್ನ ದೇಹವನ್ನೇ ಅಡ್ಡ ಕೊಟ್ಟು ಅವನನ್ನು ಕೆಡಹುವುದು ಅವನ ಕೆಲಸ. ತಲೆಗೆ ಹೆಲ್ಮೆಟ್ ಇರುತ್ತದೆ ನಿಜ. ಆದರೆ ಹೆಲ್ಮೆಟ್ಟಿನೊಳಗಿನ ಮೆದುಳಿಗೆ ಬೇರೆ ಹೆಲ್ಮೆಟ್ ಇಲ್ಲ. ಆ ವಿಷಯಕ್ಕೆ ಮುಂದೆ ಬರೋಣ.

ಈ ಕ್ರೀಡೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದರಲ್ಲಿ ಹಣದ ಅಬ್ಬರವಿದೆ, ಬೆಟ್ಟಿಂಗಿನ ಹಾವಳಿಯಿದೆ, ಹಿಂಸೆಯೂ ಇದೆ. ಆಟಕ್ಕಿಂತ ಆಟಗಾರನ ನಡತೆಯಲ್ಲಿ ನಮಗೊಂದು ಪಾಠವಿದೆ ಎಂಬುದಷ್ಟೇ ನನ್ನ ಮಾತು.

ಅಮೆರಿಕದಲ್ಲಿ ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಪ್ರತಿವರ್ಷ ಸರದಿಯಂತೆ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿದ ಹಂಝಾರನ್ನು 2005ರಲ್ಲಿ ಏಳನೆಯ, ಅಂದರೆ ಕೊನೆಯ ಸುತ್ತಿನಲ್ಲಿ ಒಂದು ತಂಡ ಆರಿಸಿತು. ಅದೇ ವಿಶ್ವವಿದ್ಯಾಲಯದಿಂದ 2008ರಲ್ಲಿ ಹೊರಬಂದ ಹುಸೈನ್‌ರನ್ನು ಯಾವ ಸುತ್ತಿನಲ್ಲಿಯೂ ಯಾರೂ ಆರಿಸಲಿಲ್ಲ. ಹೀಗೆ ಉಳಿದವರನ್ನು ತಂಡಗಳು ಪರೀಕ್ಷೆಗೆಂದು ಕರೆಸಿಕೊಳ್ಳುತ್ತವೆ, ಹೆಚ್ಚಿನವರನ್ನು ಕೆಲವೇ ವಾರಗಳಲ್ಲಿ ಮನೆಗೆ ಕಳುಹಿಸುತ್ತವೆ. ಮಿನ್ನೆಸೋಟ ವೈಕಿಂಗ್ಸ್ ತಂಡ ಹುಸೈನ್‌ರನ್ನು ಹಾಗೆಯೇ ಕರೆಸಿಕೊಂಡಿತು. ಅವರು ಉಳಿದುಕೊಂಡರು. ಎರಡು ವರ್ಷ ಬದಲಿ ಆಟಗಾರನಾಗಿ ದುಡಿದು, 2010ರಲ್ಲಿ ಮೊದಲ ಹನ್ನೊಂದರ ಸಾಲಿಗೆ ಬರುವ ಅವಕಾಶ ಅವರ ಮುಂದಿತ್ತು.

ಆ ವರ್ಷದ ರಮಝಾನ್ ಪ್ರಾರಂಭವಾದದ್ದು ಆಗಸ್ಟ್ 11ರ ಸುಮಾರಿಗೆ. ಅಂದರೆ ಸರಿಯಾಗಿ ತರಬೇತಿ ಶಿಬಿರದ ನಡುವೆ. ಯಾರು ತಂಡದಲ್ಲಿ ಉಳಿಯುವರು, ಯಾರು ಹೊರಬೀಳುವರು ಎಂದು ತೀರ್ಮಾನವಾಗುವುದೇ ಆ ಶಿಬಿರದಲ್ಲಿ. ಮಿನ್ನೆಸೋಟದ ಬೇಸಿಗೆಯಲ್ಲಿ ಸುಬ್‌ಹ್‌ನಿಂದ ಮಗ್ರಿಬ್‌ನವರೆಗೆ ಸುಮಾರು ಹದಿನೈದು ಹದಿನಾರು ಗಂಟೆಗಳ ಅವಧಿ. ಸುಡುಬಿಸಿಲಿನಲ್ಲಿ ಭಾರವಾದ ಕವಚ ತೊಟ್ಟು ಓಡಬೇಕು, ಹಾಯಬೇಕು, ಬೀಳಬೇಕು. ಹುಸೈನ್ ಒಂದು ಹನಿ ನೀರನ್ನೂ ಕುಡಿಯದೆ ಅದನ್ನು ಮಾಡಿದರು.

ಅವರ ಮೇಲ್ವಿಚಾರಕರಿಗೆ ಆತಂಕವಾಗಿದ್ದರೆ ಅವರನ್ನು ದೂರುವಂತಿಲ್ಲ. ಅದೇ ತಂಡದ ಕೋರಿ ಸ್ಟ್ರಿಂಜರ್ ಎಂಬ ಆಟಗಾರ 2001ರಲ್ಲಿ, ಮ್ಯಾಂಕಾಟೊ ಎಂಬಲ್ಲಿ ನಡೆದ ಇದೇ ಶಿಬಿರದಲ್ಲಿ, ಬಿಸಿಲಿನ ಆಘಾತಕ್ಕೊಳಗಾಗಿ ಮರಣ ಹೊಂದಿದ್ದರು. ಆದ್ದರಿಂದ ನೀರಿನ ವಿಷಯ ಅಲ್ಲಿ ಲಘುವಾದುದಾಗಿರಲಿಲ್ಲ. ಹುಸೈನ್ ತಮ್ಮ ಉಪವಾಸವನ್ನು ಮುಚ್ಚಿಡಲಿಲ್ಲ, ಹಟಕ್ಕೂ ಬೀಳಲಿಲ್ಲ. ತಂಡದ ಆಹಾರ ತಜ್ಞರೊಂದಿಗೆ ಕುಳಿತು, ಸಹರಿಗೆ ಏನು ತಿನ್ನಬೇಕು, ರಾತ್ರಿ ಎಷ್ಟು ನೀರು ಕುಡಿಯಬೇಕು ಎಂದು ಲೆಕ್ಕ ಹಾಕಿದರು. ಉಪವಾಸಕ್ಕಾಗಿ ಕೆಲಸದಲ್ಲಿ ರಿಯಾಯಿತಿ ಕೇಳುವವರನ್ನು ನಾವು ಕಂಡಿದ್ದೇವೆ. ಕೆಲಸಕ್ಕಾಗಿ ಉಪವಾಸದಲ್ಲಿ ತಾವೇ ರಿಯಾಯಿತಿ ಕೊಟ್ಟುಕೊಳ್ಳುವವರನ್ನು ಇನ್ನೂ ಹೆಚ್ಚು ಕಂಡಿದ್ದೇವೆ. ಇವರು ಎರಡನ್ನೂ ಮಾಡಲಿಲ್ಲ. ಆ ವರ್ಷ ಅವರು ಮೊದಲ ಹನ್ನೊಂದರಲ್ಲಿ ಸ್ಥಾನ ಪಡೆದರು. (ಜೀವಕ್ಕೆ ಅಪಾಯವಿರುವಲ್ಲಿ ಶರೀಅತ್ ವಿನಾಯಿತಿ ಕೊಟ್ಟಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಹುಸೈನ್‌ರ ಉದಾಹರಣೆಯನ್ನು ನೋಡಿ ರೋಗಿಗಳು ಸಾಹಸಕ್ಕಿಳಿಯುವುದು ಬೇಡ.)

ಇನ್ನು ಹಜ್ಜ್‌ನ ವಿಷಯ. ಹುಸೈನ್‌ರ ಬದುಕಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೀಡುಮಾಡಿದ ಭಾಗ ಇದು.

ಅಮೆರಿಕನ್ ಫುಟ್ಬಾಲಿನ ಲೀಗ್ ಪಂದ್ಯಗಳು ಸೆಪ್ಟೆಂಬರ್‌ನಿಂದ ಜನವರಿಯ ಆರಂಭದ ತನಕ ನಡೆಯುತ್ತವೆ. ಹಿಜರಿ ವರ್ಷ ಪ್ರತಿ ಸಲವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹುಸೈನ್ ವೃತ್ತಿಗೆ ಕಾಲಿಟ್ಟ 2008ರಲ್ಲಿ ಹಜ್ಜ್ ಡಿಸೆಂಬರ್‌ನಲ್ಲಿತ್ತು. 2009, 2010, 2011ರಲ್ಲಿ ನವೆಂಬರ್‌ನಲ್ಲಿ. 2012, 2013, 2014ರಲ್ಲಿ ಅಕ್ಟೋಬರ್‌ನಲ್ಲಿ. 2015ರಲ್ಲಿ ಸೆಪ್ಟೆಂಬರ್‌ನಲ್ಲಿ. ಲೆಕ್ಕ ಹಾಕಿ ನೋಡಿದರೆ ಅವರು ಆಟಗಾರನಾಗಿದ್ದ ಒಂದೇ ಒಂದು ವರ್ಷವೂ ಹಜ್ಜ್ ಬಿಡುವಿನ ಕಾಲದಲ್ಲಿ ಬರಲಿಲ್ಲ. ಬಿಡುವಾದಾಗ ಹೋಗುತ್ತೇನೆ ಎಂದಿದ್ದರೆ ಆ ಬಿಡುವು ವೃತ್ತಿ ಮುಗಿಯುವವರೆಗೂ ಬರುತ್ತಿರಲಿಲ್ಲ. ಪಂದ್ಯಗಳ ಮಧ್ಯೆ ಕೆಲವು ವಾರ ಮಕ್ಕಾಕ್ಕೆ ಹೋಗಿ ಬರುತ್ತೇನೆಂದರೆ ಒಪ್ಪಂದ ಮಾಡಿಕೊಳ್ಳುವ ತಂಡ ಎಲ್ಲಿದೆ?

2011ರ ಕೊನೆಯಲ್ಲಿ ವೈಕಿಂಗ್ಸ್ ತಂಡದೊಂದಿಗಿನ ಅವರ ಒಪ್ಪಂದ ಮುಗಿಯಿತು. ಆ ಸಾಲಿನಲ್ಲಿ ತಲೆಗೆ ಪೆಟ್ಟುಬಿದ್ದು ಅವರು ಕೊನೆಯ ಪಂದ್ಯಗಳನ್ನು ಆಡಿರಲಿಲ್ಲ. ಅಣ್ಣ ಹಂಝಾರ ಒಪ್ಪಂದವೂ ಮುಗಿದಿತ್ತು. 2012ರಲ್ಲಿ ಸಹೋದರರಿಬ್ಬರೂ ಆ ಇಡೀ ವರ್ಷದ ಆಟವನ್ನೇ ಬಿಟ್ಟು ಹಜ್ಜ್‌ಗೆ ಹೋಗಲು ನಿರ್ಧರಿಸಿದರು. ಹುಸೈನ್‌ಗೆ ಆಗ 27 ವರ್ಷ. ದೇಹದಲ್ಲಿ ಶಕ್ತಿಯಿದೆ, ಕೈಯಲ್ಲಿ ಹಣವಿದೆ, ಹಾಗಾದರೆ ಕಡ್ಡಾಯವಾದುದನ್ನು ಇನ್ನು ಯಾವ ಕಾರಣಕ್ಕೆ ಮುಂದೂಡಲಿ ಎಂಬುದು ಅವರ ವಿಚಾರವಾಗಿತ್ತು.

ಆಲು ಇಮ್ರಾನ್ ಅಧ್ಯಾಯದ 97ನೆಯ ಸೂಕ್ತವು ಹಜ್ಜನ್ನು ಸಾಮರ್ಥ್ಯವುಳ್ಳವರ ಮೇಲೆ ಕಡ್ಡಾಯಗೊಳಿಸಿದೆ. ಸಾಮರ್ಥ್ಯ ಎಂಬ ಆ ಪದವನ್ನು ನಾವು ಹೇಗೆ ಅರ್ಥ ಮಾಡಿಕೊಂಡಿದ್ದೇವೆ? ಮನೆಯ ಮೇಲೊಂದು ಮಹಡಿ ಏರಿದ ನಂತರ, ಮಗಳ ಮದುವೆಯಾದ ನಂತರ, ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿದ ನಂತರ, ಮೊಣಕಾಲು ನೋವು ಶುರುವಾದ ನಂತರ ಬರುವುದೇ ನಮ್ಮ ಲೆಕ್ಕದ ಸಾಮರ್ಥ್ಯ. ಈ ಯುವಕರಿಗೆ ಸಾಮರ್ಥ್ಯವೆಂಬುದು ಅದರ ಸರಳಾರ್ಥದಲ್ಲಿಯೇ ಕಂಡಿತು. ಕೆಲವೇ ವರ್ಷ ಬಾಳುವ ವೃತ್ತಿಯಲ್ಲಿ ಒಂದು ಇಡೀ ವರ್ಷ ಎಂದರೇನು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಾರು? ಒಂದು ವರ್ಷ ಮೈದಾನದಿಂದ ದೂರವಿದ್ದವನ ಜಾಗಕ್ಕೆ ಹತ್ತು ಮಂದಿ ಹೊಸಬರು ಕಾದು ನಿಂತಿರುತ್ತಾರೆ. ಆ ವರ್ಷದ ಅಕ್ಟೋಬರ್ 25ರಂದು ಲಕ್ಷಾಂತರ ಜನರು ಅರಫಾದಲ್ಲಿ ನಿಂತಾಗ ಅಮೆರಿಕದಲ್ಲಿ ಪಂದ್ಯಗಳು ಭರದಿಂದ ಸಾಗಿದ್ದವು. ವರ್ಷಗಟ್ಟಲೆ ಹೆಲ್ಮೆಟ್ ಹೊತ್ತಿದ್ದ ತಲೆಗಳು ಇಹ್ರಾಮ್‌ನಲ್ಲಿ ಬರಿದಾಗಿದ್ದವು.

ಹಿಂದಿರುಗಿದ ಬಳಿಕ ಏನಾಯಿತು? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಅಲ್ಲಾಹನಿಗಾಗಿ ಒಂದನ್ನು ಬಿಟ್ಟವನಿಗೆ ಇಹಲೋಕದಲ್ಲೇ ಎರಡು ಸಿಗುತ್ತದೆ ಎಂದು ಹೇಳಿ ಜನರನ್ನು ಖುಷಿಪಡಿಸುವ ಭಾಷಣಗಾರರಿದ್ದಾರೆ. 2013ರಲ್ಲಿ ಹುಸೈನ್‌ರನ್ನು ಕಾನ್ಸಾಸ್ ಸಿಟಿ ಚೀಫ್ಸ್ ತಂಡ ಸೇರಿಸಿಕೊಂಡಿತು. ಹಂಝಾ ಆ ಬಳಿಕ ವೃತ್ತಿಪರ ಪಂದ್ಯಗಳಿಗೆ ಮರಳಲೇ ಇಲ್ಲ. ಇಬ್ಬರೂ ಒಂದೇ ವರ್ಷವನ್ನು ಬಿಟ್ಟುಕೊಟ್ಟವರು, ಒಂದೇ ಯಾತ್ರೆ ಮಾಡಿದವರು. ಒಬ್ಬರು ಮೈದಾನಕ್ಕೆ ಮರಳಿದರು, ಇನ್ನೊಬ್ಬರ ಮೈದಾನದ ದಿನಗಳು ಅಲ್ಲಿಗೇ ಮುಗಿದವು. ಹಜ್ಜ್‌ನ ಪ್ರತಿಫಲವನ್ನು ಉದ್ಯೋಗದ ತಕ್ಕಡಿಯಲ್ಲಿ ತೂಗುವವರು ಈ ಇಬ್ಬರಲ್ಲಿ ಯಾರ ಹಜ್ಜ್ ಸ್ವೀಕೃತವಾಯಿತೆಂದು ಹೇಳುವರು? ಅಂತಹ ತೂಕವೇ ತಪ್ಪು. ಸತ್ಯವಿಶ್ವಾಸಿಯ ಸ್ಥಿತಿ ವಿಸ್ಮಯಕರವಾದುದೆಂದೂ, ಸುಖದಲ್ಲಿ ಕೃತಜ್ಞತೆ, ಕಷ್ಟದಲ್ಲಿ ಸಹನೆ ಇವೆರಡೂ ಅವನಿಗೆ ಒಳಿತೇ ಆಗುವುದೆಂದೂ ಪ್ರವಾದಿ(ಸ)ರು ತಿಳಿಸಿರುವರು. ಅಣ್ಣನ ಪಾಲಿಗೂ ತಮ್ಮನ ಪಾಲಿಗೂ ಬಂದದ್ದು ಇವೆರಡರಲ್ಲಿ ಒಂದೊಂದು ಪರೀಕ್ಷೆ.

ಈಗ 2014ರ ಸೆಪ್ಟೆಂಬರ್ 29ರ ರಾತ್ರಿಗೆ ಬರೋಣ. ಅಂದು ದುಲ್‌ಹಜ್ಜ್‌ನ ಪ್ರಥಮ ಹತ್ತು ದಿನಗಳು ನಡೆಯುತ್ತಿದ್ದವು. ಮಕ್ಕಾದಲ್ಲಿ ಯಾತ್ರಿಕರು ಸೇರುತ್ತಿದ್ದರು. ಇತ್ತ ಕಾನ್ಸಾಸ್ ಸಿಟಿಯ ಆ್ಯರೊಹೆಡ್ ಕ್ರೀಡಾಂಗಣದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ವಿರುದ್ಧ ಪಂದ್ಯ. ಅಂದು ಪ್ರೇಕ್ಷಕರ ಗದ್ದಲ 142.2 ಡೆಸಿಬಲ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಪಂದ್ಯದ ಕೊನೆಯ ಭಾಗದಲ್ಲಿ, ಆ ಕಾಲದ ಅತಿ ಪ್ರಸಿದ್ಧ ಆಟಗಾರ ಟಾಮ್ ಬ್ರೇಡಿ ಎಸೆದ ಚೆಂಡನ್ನು ಹುಸೈನ್ ನಡುವೆಯೇ ಕಸಿದುಕೊಂಡು 39 ಗಜ ಓಡಿ ಎದುರಾಳಿಯ ಪಟ್ಟಿಯನ್ನು ತಲಪಿದರು. ಚೆಂಡು ಕೈಗೆ ಸಿಕ್ಕಿದರೆ ಅಲ್ಲಿಯೇ ಅಲ್ಲಾಹನಿಗೆ ಸುಜೂದ್ ಮಾಡುವೆನೆಂದು ಅವರು ಮೊದಲೇ ಮನಸ್ಸಿನಲ್ಲಿ ಸಂಕಲ್ಪ ಮಾಡಿದ್ದರು. ಓಟದ ರಭಸದಲ್ಲಿ ಮೊಣಕಾಲೂರಿ ಹುಲ್ಲಿನ ಮೇಲೆ ಜಾರುತ್ತಾ ಹೋಗಿ ಸುಜೂದ್‌ಗೆ ಬಿದ್ದರು.

ಸಿಹಿ ಸುದ್ದಿ ಬಂದಾಗ ಕೃತಜ್ಞತೆಯ ಸುಜೂದ್ ಮಾಡುವುದು ಪ್ರವಾದಿಚರ್ಯೆ ಎಂಬುದು ತಿಳಿದ ವಿಷಯ. ತಬೂಕ್ ಯುದ್ಧಕ್ಕೆ ಹೋಗದೆ ಉಳಿದು, ಐವತ್ತು ದಿನ ಸಮುದಾಯದ ಮೌನವನ್ನು ಸಹಿಸಿದ ಕಅಬ್ ಇಬ್ನು ಮಾಲಿಕ್(ರ)ರು, ತಮ್ಮ ಪಶ್ಚಾತ್ತಾಪ ಸ್ವೀಕೃತವಾಯಿತೆಂದು ದೂರದಿಂದ ಒಬ್ಬಾತ ಕೂಗಿ ಹೇಳಿದ ಕೂಡಲೇ ಇದ್ದಲ್ಲೇ ಸುಜೂದ್‌ಗೆ ಬಿದ್ದರು. ಒಂದು ಆಟದ ಅಂಕಕ್ಕೂ ಆ ಸಂದರ್ಭಕ್ಕೂ ಅಜಗಜಾಂತರವಿದೆ. ವುಝೂ, ಖಿಬ್ಲ ಮೊದಲಾದವುಗಳ ಬಗ್ಗೆ ಇಮಾಮರಲ್ಲಿ ಭಿನ್ನಾಭಿಪ್ರಾಯವೂ ಇದೆ. ಆ ಚರ್ಚೆ ಇಲ್ಲಿ ಬೇಡ. ಇಡೀ ಕ್ರೀಡಾಂಗಣ ತನ್ನನ್ನು ತಲೆಯ ಮೇಲೆ ಹೊತ್ತು ಮೆರೆಸಲು ಎದ್ದು ನಿಂತ ಕ್ಷಣದಲ್ಲಿ ಒಬ್ಬ ಮನುಷ್ಯ ತನ್ನ ತಲೆಯನ್ನು ನೆಲಕ್ಕೆ ತಾಗಿಸಿದ ಎಂಬುದು ಸಣ್ಣ ಸಂಗತಿಯಲ್ಲ. ಎದೆ ಬಡಿದುಕೊಳ್ಳುವುದಕ್ಕೆ, ಎದುರಾಳಿಯನ್ನು ಹಂಗಿಸುವುದಕ್ಕೆ ಅದಕ್ಕಿಂತ ಅನುಕೂಲವಾದ ಕ್ಷಣ ಬೇರೊಂದಿರಲಿಲ್ಲ.

ಆದರೆ ತೀರ್ಪುಗಾರರೊಬ್ಬರು ಹಳದಿ ಬಟ್ಟೆಯನ್ನು ನೆಲಕ್ಕೆಸೆದರು. ಕ್ರೀಡಾ ಮನೋಭಾವಕ್ಕೆ ವಿರುದ್ಧವಾದ ವರ್ತನೆ ಎಂದು ಹದಿನೈದು ಗಜಗಳ ದಂಡ ಬಿತ್ತು! ನೆಲಕ್ಕೆ ಬಿದ್ದು ಸಂಭ್ರಮಿಸಬಾರದು ಎಂಬ ನಿಯಮ ಆಗ ಜಾರಿಯಲ್ಲಿತ್ತು. ಪಂದ್ಯವನ್ನು ಚೀಫ್ಸ್ 41-14ರಿಂದ ಗೆದ್ದುದರಿಂದ ದಂಡದಿಂದ ತಂಡಕ್ಕೇನೂ ನಷ್ಟವಾಗಲಿಲ್ಲ. ಆದರೆ ಆ ರಾತ್ರಿಯೇ ದೇಶದಾದ್ಯಂತ ಕೋಲಾಹಲವೆದ್ದಿತು. ಕ್ರೈಸ್ತ ಆಟಗಾರ ಟಿಮ್ ಟೀಬೋ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದಾಗ ಇಲ್ಲದ ದಂಡ ಮುಸ್ಲಿಮನಿಗೇಕೆ ಎಂದು ಜನರು ಪ್ರಶ್ನಿಸಿದರು. ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಮರುದಿನವೇ ಲೀಗಿನ ವಕ್ತಾರರು, ಧಾರ್ಮಿಕ ಆಚರಣೆಗಾಗಿ ನೆಲಕ್ಕೆ ಬಾಗಿದವನಿಗೆ ಆ ನಿಯಮ ಅನ್ವಯಿಸುವುದಿಲ್ಲ, ದಂಡ ಹಾಕಬಾರದಿತ್ತು ಎಂದು ಒಪ್ಪಿಕೊಂಡರು. ತಂಡದ ಮುಖ್ಯ ತರಬೇತುದಾರ ಆ್ಯಂಡಿ ರೀಡ್ ಮೋರ್ಮನ್ ಪಂಥದವರು. ಮಕ್ಕಾಕ್ಕೆ ಹೋಗಿ ಬಂದವನಿಗೆ ತನಗೆ ಬೇಕಾದಲ್ಲಿ ಜಾರುವ ಸ್ವಾತಂತ್ರ್ಯವಿರಬೇಕು ಎಂಬರ್ಥದ ಮಾತನ್ನಾಡಿ ಅವರು ತಮ್ಮ ಆಟಗಾರನ ಪರ ನಿಂತರು. ಅನ್ಯಧರ್ಮೀಯನೊಬ್ಬನ ಈ ಸೌಜನ್ಯವನ್ನು ನಾವು ಮೆಚ್ಚಬೇಕು.

ಇಷ್ಟೆಲ್ಲಾ ಆಗುವ ಮುಂಚೆಯೇ ಪಂದ್ಯ ಮುಗಿದ ಕೂಡಲೇ ಪತ್ರಕರ್ತರು ಹುಸೈನ್‌ರ ಸುತ್ತ ನೆರೆದಿದ್ದರು. ತನಗೆ ಅನ್ಯಾಯವಾಗಿದೆ ಎನ್ನಲು ಒಂದೇ ಒಂದು ವಾಕ್ಯ ಸಾಕಿತ್ತು. ಇಡೀ ದೇಶದ ಅನುಕಂಪ ಅವರದಾಗುತ್ತಿತ್ತು. ಅವರು ಹೇಳಿದ್ದೇನು? ತಪ್ಪು ತನ್ನದೇ, ದಂಡ ಬಿದ್ದದ್ದು ಪ್ರಾಯಶಃ ಜಾರಿದ್ದಕ್ಕಾಗಿ, ಸುಜೂದ್‌ಗಾಗಿ ಅಲ್ಲ, ತಾನು ಮೊದಲು ನಿಂತು ಆ ಮೇಲೆ ಸುಜೂದ್‌ಗೆ ಹೋಗಬೇಕಿತ್ತು ಎಂಬರ್ಥದಲ್ಲಿ ಅವರು ಮಾತನಾಡಿದರು.

ಈ ಮಾತನ್ನು ಕೇಳಿದಾಗ ನನಗೆ ನೆನಪಾದದ್ದು ಮಸೀದಿಯಲ್ಲಿ ಅವಸರದಲ್ಲಿ ನಮಾಝ್ ಮುಗಿಸಿದ ಆ ಮನುಷ್ಯನ ಘಟನೆ. ಅವನು ಬಂದು ಸಲಾಮ್ ಹೇಳಿದಾಗ, ನೀನು ನಮಾಝ್ ಮಾಡಿಯೇ ಇಲ್ಲವೆಂದು ಪ್ರವಾದಿ(ಸ)ರು ಅವನನ್ನು ಮೂರು ಬಾರಿ ಹಿಂದಕ್ಕೆ ಕಳುಹಿಸಿದರು. ಕೊನೆಗೆ ಅವನು ಕಲಿಸಿಕೊಡಿ ಎಂದು ಬೇಡಿದಾಗ, ನೆಟ್ಟಗೆ ನಿಲ್ಲುವುದು ಹೇಗೆ, ರುಕೂವಿನಲ್ಲಿ ಅಂಗಾಂಗಗಳು ನೆಲೆನಿಲ್ಲುವ ತನಕ ತಂಗುವುದು ಹೇಗೆ, ಸುಜೂದ್‌ನಲ್ಲಿ ಶಾಂತವಾಗಿರುವುದು ಹೇಗೆ ಎಂದು ಕಲಿಸಿದರು. ಪಕ್ವ ನಮಾಝ್‌ಗೂ ಅಪಕ್ವ ನಮಾಝ್‌ಗೂ ಇರುವ ವ್ಯತ್ಯಾಸ ಆ ನಿಲುಗಡೆಯಲ್ಲಿದೆ. ದಿನಕ್ಕೆ ಐದು ಬಾರಿ ನಾವು ಜಾರುತ್ತಲೇ ಸುಜೂದ್‌ಗೆ ಹೋಗುತ್ತೇವೆ. ಅಂಗಡಿಯ ಲೆಕ್ಕದಿಂದ ಜಾರಿ, ಜಗಳದ ನೆನಪಿನಿಂದ ಜಾರಿ, ಹಣೆ ನೆಲಕ್ಕೆ ತಾಗಿದ ಮೇಲೂ ಮನಸ್ಸು ಇನ್ನೂ ಓಡುತ್ತಲೇ ಇರುತ್ತದೆ. ನಮಗೆ ಹಳದಿ ಬಟ್ಟೆ ಎಸೆಯುವವರಿಲ್ಲ. ಲಕ್ಷಾಂತರ ಮಂದಿ ಆತನ ಸುಜೂದನ್ನು ಸಮರ್ಥಿಸುತ್ತಿದ್ದಾಗ ಆತ ಮಾತ್ರ ಅದರಲ್ಲಿದ್ದ ಕೊರತೆಯನ್ನು ಹುಡುಕಿದರು. ಆತ್ಮವಿಮರ್ಶೆ ಎಂದು ನಾವು ವೇದಿಕೆಗಳಲ್ಲಿ ಹೇಳುವುದು ಇದನ್ನೇ ಅಲ್ಲವೇ?

ಸಹೋದರರೇ, ಹಕ್ಕಿಗಾಗಿ ಹೋರಾಡಬಾರದೆಂದು ಇದರಿಂದ ಯಾರೂ ತಿಳಿದುಕೊಳ್ಳಬಾರದು. ಹುಸೈನ್‌ರ ಪರ ಧ್ವನಿಯೆತ್ತಿದವರು ಸರಿಯಾದುದನ್ನೇ ಮಾಡಿದರು, ಅದರಿಂದ ಲೀಗ್ ತನ್ನ ತಪ್ಪನ್ನು ಒಪ್ಪಿಕೊಂಡಿತು. ಆದರೆ ಬೇರೆಯವರು ನಮ್ಮ ಪರ ಮಾತನಾಡುತ್ತಿರುವಾಗ ನಾವು ನಮ್ಮ ವಿರುದ್ಧವೂ ಒಂದು ಮಾತನ್ನಾಡಬಲ್ಲೆವೇ ಎಂಬುದು ಬೇರೆಯೇ ಪ್ರಶ್ನೆ. ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕು, ಅದು ತಮ್ಮದೇ ವಿರುದ್ಧವಾದರೂ ಸರಿ ಎಂಬ ಆದೇಶ ಅನ್ನಿಸಾ ಅಧ್ಯಾಯದಲ್ಲಿದೆ. ಅದನ್ನು ನಾವು ನ್ಯಾಯಾಲಯದ ಸಾಕ್ಷಿಗೆ ಮಾತ್ರ ಸೀಮಿತಗೊಳಿಸಿದ್ದೇವೆ.

ಈಗ ಹೆಲ್ಮೆಟ್ಟಿನೊಳಗಿನ ತಲೆಯ ವಿಷಯ. ಈ ಆಟದಲ್ಲಿ ತಲೆಗೆ ಬೀಳುವ ಪೆಟ್ಟುಗಳು ಒಂದರ ಮೇಲೊಂದು ಸೇರಿ ಮೆದುಳನ್ನು ನಿಧಾನವಾಗಿ ಕೆಡಿಸುತ್ತವೆ. 2002ರಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಮಾಜಿ ಆಟಗಾರ ತೀರಿಕೊಂಡಾಗ, ನೈಜೀರಿಯ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿ ಈ ರೋಗದ ಗುರುತುಗಳನ್ನು ಕಂಡರು. 2005ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆನಪು ಹೋಗುವುದು, ಸ್ವಭಾವ ಬದಲಾಗುವುದು, ಖಿನ್ನತೆ ಆವರಿಸುವುದು, ಕೊನೆಗೆ ಬುದ್ಧಿಯೇ ಮಸುಕಾಗುವುದು ಅದರ ಲಕ್ಷಣಗಳು. ಆಟಕ್ಕೂ ಈ ರೋಗಕ್ಕೂ ನಂಟಿದೆಯೆಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸದರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡದ್ದು 2016ರ ಮಾರ್ಚ್‌ನಲ್ಲಿ.

ದೇಹವು ನಮ್ಮ ಸ್ವಂತ ಸೊತ್ತಲ್ಲ, ಅದೊಂದು ಅಮಾನತ್. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾಹ್ ಇಬ್ನು ಅಮ್ರ್(ರ)ರಿಗೆ, ದೇಹಕ್ಕೂ ಕಣ್ಣಿಗೂ ಪತ್ನಿಗೂ ತಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರು ನೆನಪಿಸಿದರು. ಆರಾಧನೆಯಲ್ಲೇ ದೇಹದ ಹಕ್ಕನ್ನು ಮರೆಯಬಾರದೆಂದ ಮೇಲೆ ಸಂಪಾದನೆಯಲ್ಲಿ ಮರೆಯಬಹುದೇ? ಬುದ್ಧಿಯಂತೂ ಇನ್ನೂ ದೊಡ್ಡ ಅಮಾನತ್. ಕರ್ತವ್ಯಗಳೆಲ್ಲಾ ನಿಂತಿರುವುದೇ ಅದರ ಮೇಲೆ. ಅದನ್ನು ಕೆಡಿಸುತ್ತದೆಂದೇ ಮದ್ಯ ನಿಷಿದ್ಧವಾಯಿತು. ಹಾಗಿರುವಾಗ ತನ್ನ ಕಸುಬೇ ತನ್ನ ಬುದ್ಧಿಯನ್ನು ತಿನ್ನುತ್ತಿದೆ ಎಂದು ಗೊತ್ತಾದವನು ಏನು ಮಾಡಬೇಕು? ಹೊಟ್ಟೆಪಾಡಿಗಾಗಿ ಎದೆಗೆ ಧೂಳು ಸೇರಿಸಿಕೊಂಡು ದುಡಿಯುವ ಬಡವನಿಗೆ ಈ ಪ್ರಶ್ನೆಯನ್ನು ಕೇಳುವ ಧೈರ್ಯ ನನಗಿಲ್ಲ. ಬೇಕಾದಷ್ಟು ಗಳಿಸಿಯೂ ಇನ್ನಷ್ಟಕ್ಕಾಗಿ ದೇಹವನ್ನು ಸವೆಸುವವರಿಗೆ ಮಾತ್ರ ಕೇಳಬಹುದು.

2015ರ ಸಾಲಿನಲ್ಲಿ ಹುಸೈನ್‌ರ ತಲೆಗೆ ಮತ್ತೊಮ್ಮೆ ಪೆಟ್ಟು ಬಿತ್ತು. ಅವರ ವೃತ್ತಿಜೀವನದಲ್ಲಿ ಅದು ಐದನೆಯದು. ಗುಣಮುಖರಾಗುತ್ತಾ ಮನೆಯಲ್ಲಿ ಕುಳಿತಾಗ ಯೋಚಿಸಲು ಸಾಕಷ್ಟು ಸಮಯ ಸಿಕ್ಕಿತು. ಒಟ್ಟು ಏಳು ವರ್ಷಗಳ ಆಟದ ಬಳಿಕ, 2016ರ ಮಾರ್ಚ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು. ಯಾರೂ ಅವರನ್ನು ತಂಡದಿಂದ ಅಟ್ಟಿರಲಿಲ್ಲ. ಬಹಿರಂಗವಾಗಿ ಬರೆದ ಪತ್ರದಲ್ಲಿ ಅವರು ಕೊಟ್ಟ ಕಾರಣ ಸರಳವಾಗಿತ್ತು. ಇನ್ನು ಮುಂದೆ ಸಮಾಜಕ್ಕೆ, ಕುಟುಂಬಕ್ಕೆ, ತನಗೆ ಪ್ರಯೋಜನಕಾರಿಯಾಗಿ ಬದುಕಬೇಕೆಂದಿದೆ, ಅದಕ್ಕೆ ಸ್ವಸ್ಥವಾದ ಬುದ್ಧಿ ಬೇಕು ಎಂಬುದು ಅದರ ಸಾರಾಂಶ. ಆಗ ಅವರಿಗೆ 30 ವರ್ಷ ವಯಸ್ಸು.